ಬಡವಿಲಿಂಗದ ನೀರು ಎಲ್ಲಿಂದ ಬರುತ್ತದೆ?

ಅಮ್ಮ ಕೇಳಿದ ಒಂದು ಪ್ರಶ್ನೆ ಸುಮಾರು ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ಅವಳನ್ನು ಮೊದಲ ಸಲ ಹಂಪಿಗೆ ಕರೆದುಕೊಂಡು ಹೋಗಿದ್ದೆ. ಡಿಸೆಂಬರ್ ತಿಂಗಳು. ಬೆಳಿಗ್ಗೆಯಿಂದ ಸುತ್ತಿ ಸುತ್ತಿ ಅವಳ ಮಂಡಿ ನೋಯುತ್ತಿತ್ತು. ಉಗ್ರನರಸಿಂಹನನ್ನು ನೋಡಿಕೊಂಡು ಪಕ್ಕದಲ್ಲೇ ಇರುವ ಬಡವಿಲಿಂಗದ ಗುಡಿಯ ಬಾಗಿಲಲ್ಲಿ ನಿಂತಿದ್ದೆವು. ಹೋಗಿ ಬಂದವರಿಗೆ ನೆನಪಿರುತ್ತದೆ. ಸುಮಾರು 3 ಮೀಟರ್ ಎತ್ತರದ ಒಂದೇ ಕಲ್ಲಿನ ಲಿಂಗ, ಮೇಲೆ ಛಾವಣಿ ಇಲ್ಲ, ಬಿಸಿಲು ನೇರವಾಗಿ ಕಲ್ಲಿನ ಮೇಲೆ ಬೀಳುತ್ತದೆ, ಬುಡದಲ್ಲಿ ಸದಾ ನೀರು. ಜನ ನಾಣ್ಯ ಎಸೆದು ಫೋಟೋ ತೆಗೆದು ಹೋಗುತ್ತಿದ್ದರು. ಅಮ್ಮ ಕೈಮುಗಿದಳು, ಆಮೇಲೆ ಲಿಂಗ ಬಿಟ್ಟು ನೀರನ್ನೇ ನೋಡುತ್ತಾ ನಿಂತಳು. ಒಂದು ಒಣ ಎಲೆ ನಿಧಾನಕ್ಕೆ ಈ ಮೂಲೆಯಿಂದ ಆ ಮೂಲೆಗೆ ಸಾಗುತ್ತಿತ್ತು. 'ಇದು ನಿಂತ ನೀರಲ್ಲ ಕಣೋ. ಹರೀತಿದೆ. ಎಲ್ಲಿಂದ ಬರ್ತಿದೆ ಇದು?' ಅಂದಳು.

ನನಗೆ ಗೊತ್ತಿರಲಿಲ್ಲ. ನಮ್ಮ ಜೊತೆ ಬಂದಿದ್ದ ಗೈಡ್ ಒಳ್ಳೆಯ ಹುಡುಗ. 'ಗಂಗಮ್ಮ ರೀ ಅದು, ಯಾವತ್ತೂ ಬತ್ತಂಗಿಲ್ಲ' ಅಂದ. ಕತ್ತಲಾಗುವುದರೊಳಗೆ ಇನ್ನೂ ಐದು ಜಾಗ ತೋರಿಸಬೇಕಿತ್ತು ಅವನಿಗೆ. ಅಮ್ಮ ತಲೆ ಆಡಿಸಿದಳು, ಒಪ್ಪಲಿಲ್ಲ. ಅವಳು ಹುಟ್ಟಿದ್ದು ಹರಿಹರದ ಕಡೆ, ಭದ್ರಾ ನಾಲೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ. ನಾಲೆಯ ಕೊನೆಗೆ ಗದ್ದೆ ಇದ್ದ ಮನೆಯ ಮಕ್ಕಳಿಗೆ ನೀರು ತಾನಾಗಿ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿರುತ್ತದೆ. ಯಾರೋ ಬಿಡಬೇಕು, ಯಾರೋ ಕಾಯಬೇಕು, ನಡುರಾತ್ರಿ ಲಾಟೀನು ಹಿಡಿದು ಬದುವಿನ ಮೇಲೆ ನಡೆಯಬೇಕು. ಅಂಥವಳಿಗೆ 'ಗಂಗಮ್ಮ' ಎನ್ನುವ ಉತ್ತರ ಸಾಲುವುದಿಲ್ಲ.

ಊರಿಗೆ ವಾಪಸ್ ಬಂದ ಮೇಲೂ ಆ ಎಲೆ ಕಣ್ಣಮುಂದೆ ಬರುತ್ತಿತ್ತು. ನಾನು ಅದಕ್ಕೂ ಮುಂಚೆ ಎರಡು ಸಲ ಹಂಪಿ ನೋಡಿದ್ದೆ. ಬಡವಿಲಿಂಗದ ಮುಂದೆ ಎರಡು ಸಲವೂ ನಿಂತಿದ್ದೆ. ಒಮ್ಮೆಯೂ ನೀರು ಹರಿಯುವುದನ್ನು ಗಮನಿಸಿರಲಿಲ್ಲ. ಹಾಗಾದರೆ ನಾನು ಇಷ್ಟು ವರ್ಷ ಹಂಪಿಯಲ್ಲಿ ನೋಡಿದ್ದಾದರೂ ಏನು?

ಬಳ್ಳದಲ್ಲಿ ಅಳೆದ ಮುತ್ತು ರತ್ನ

ಮೊದಲ ಸಲ ಹೋಗಿದ್ದು ಏಳನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ. ಕೆಂಪು ಬಸ್ಸು, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ. ಮೇಷ್ಟ್ರು ವಿರೂಪಾಕ್ಷನ ಮುಂದಿನ ಉದ್ದನೆಯ ಬೀದಿಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, 'ಇಲ್ಲೇ ಮಕ್ಕಳೇ, ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು' ಎಂದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಕನ್ನಡ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ವಿಜಯನಗರ ಎಂದ ಕೂಡಲೇ ಈ ಮಾತು ಬರುತ್ತದೆ. ನಾವೆಲ್ಲ ತಲೆ ಬಗ್ಗಿಸಿಕೊಂಡು ಮಣ್ಣಲ್ಲಿ ಒಂದಾದರೂ ಮುತ್ತು ಸಿಗುತ್ತದಾ ಎಂದು ಹುಡುಕಿದ್ದೆವು. ಆಗ ಆ ಬೀದಿಯ ಕಲ್ಲಿನ ಮಂಟಪಗಳಲ್ಲಿ ಜನ ವಾಸವಿದ್ದರು. ಕಂಬಕ್ಕೆ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಒಬ್ಬ ಅಜ್ಜಿ ಒಲೆ ಹಚ್ಚಿ ಮಿರ್ಚಿ ಕರಿಯುತ್ತಿದ್ದಳು. ಆ ಘಾಟು, ಆ ಬಿಸಿಲು, ಕಲ್ಲಿನ ರಥದ ಚಕ್ರಕ್ಕೆ ಆತುಕೊಂಡು ತೆಗೆಸಿಕೊಂಡ ಗುಂಪು ಫೋಟೋ. ನನ್ನ ಮೊದಲ ಹಂಪಿ ಅಷ್ಟೇ.

ಈಗಿನ ಸುತ್ತಾಟ ಬೇರೆ ಥರ. ಆಟೋ ಹತ್ತಿದ ಕೂಡಲೇ ಒಂದು ಕಾರ್ಡು ಕೈಗೆ ಬರುತ್ತದೆ. ಅದರಲ್ಲಿ 'ಪಾಯಿಂಟು'ಗಳ ಪಟ್ಟಿ. ಇಷ್ಟು ಪಾಯಿಂಟಿಗೆ ಇಷ್ಟು ದುಡ್ಡು. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಕೃಷ್ಣನ ಗುಡಿ, ಕಮಲ ಮಹಲು, ಆನೆ ಲಾಯ, ಕೊನೆಗೆ ವಿಠ್ಠಲನ ಗುಡಿಗೆ ಬ್ಯಾಟರಿ ಗಾಡಿ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂದೆ ಕಲ್ಲಿನ ರಥ ಇದೆಯಲ್ಲ, ಆ ನೋಟನ್ನು ರಥದ ಮುಂದೆ ಹಿಡಿದು ಫೋಟೋ ತೆಗೆಯಲು ಸರತಿ. ಇದರಲ್ಲಿ ತಪ್ಪೇನೂ ಇಲ್ಲ. ಒಂದೇ ದಿನ ರಜೆ ಸಿಕ್ಕವರು ಇನ್ನೇನು ಮಾಡಬೇಕು? ಆದರೆ ಪಾಯಿಂಟಿನಿಂದ ಪಾಯಿಂಟಿಗೆ ಹೋಗುವಾಗ ಆಟೋದ ಎರಡೂ ಕಡೆ ಹಾದುಹೋಗುವ ಬಾಳೆತೋಟ, ಭತ್ತದ ಗದ್ದೆ, ಕಬ್ಬು ಪಟ್ಟಿಯಲ್ಲಿ ಇರುವುದಿಲ್ಲ. ಸುತ್ತಲೂ ಕಾದ ಬಂಡೆಗಳ ಬೆಟ್ಟ, ನಡುವೆ ಕಣ್ಣಿಗೆ ತಂಪಾಗುವ ಹಸಿರು. ಬಂಡೆ ನಾಡಿನಲ್ಲಿ ಇಷ್ಟು ಹಸಿರು ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಓದಲು ಕೂತಾಗ ನನಗೆ ಜಾಸ್ತಿ ಹಿಡಿಸಿದ್ದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದವನು. 'ರೋಮಿನಷ್ಟು ದೊಡ್ಡ ಊರು' ಎಂದು ಹೇಳಿದ್ದು ಅವನೇ. ಆ ಮಾತನ್ನು ಎಲ್ಲ ಕಡೆ ಉದ್ಧರಿಸುತ್ತಾರೆ. ಅದರ ಮುಂದೆಯೇ ಅವನು ಇನ್ನೊಂದು ಮಾತು ಬರೆದಿದ್ದಾನೆ. ಬೆಟ್ಟ ಹತ್ತಿ ನೋಡಿದರೆ ಮನೆಮನೆಯ ಹಿತ್ತಲಲ್ಲೂ ಮರಗಳು, ಊರ ನಡುವೆ ಹರಿಯುವ ಎಷ್ಟೋ ನೀರಿನ ಕಾಲುವೆಗಳು, ಅಲ್ಲಲ್ಲಿ ಕೆರೆಗಳು ಕಾಣುತ್ತವೆ ಅಂತ. ಅವನಿಗಿಂತ ಸುಮಾರು 80 ವರ್ಷ ಮುಂಚೆ, 1443ರಲ್ಲಿ, ಪರ್ಷಿಯಾದಿಂದ ಬಂದ ಅಬ್ದುರ್ ರಝಾಕ್ ಕೂಡ ಅರಮನೆಯ ಕಡೆ ನಯವಾಗಿ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ಬರೆದಿದ್ದಾನೆ. ಇಬ್ಬರೂ ಬಜಾರಿನ ರತ್ನಗಳನ್ನೂ ನೋಡಿದರು, ನೀರನ್ನೂ ನೋಡಿದರು. ನಮ್ಮ ಪಾಠಕ್ಕೆ ಬಂದಿದ್ದು ರತ್ನ ಮಾತ್ರ. ನೀರು ಬರಲಿಲ್ಲ.

ಎರಡು ಬಗೆಯ ನೀರು

ಕಳೆದ ಸಲ, 2024ರ ನವೆಂಬರಿನಲ್ಲಿ, ಒಬ್ಬನೇ ಹೋದೆ. ಆಟೋ ಹಿಡಿಯಲಿಲ್ಲ. ಕಮಲಾಪುರದಲ್ಲಿ ರೂಮು ಮಾಡಿ, ಬಾಡಿಗೆ ಸೈಕಲ್ ತೆಗೆದುಕೊಂಡೆ. ಮೂರು ದಿನ ಒಂದೇ ಕೆಲಸ. ನೀರು ಎಲ್ಲೆಲ್ಲಿ ಇದೆಯೋ, ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಹೋಗುವುದು.

ಹಂಪಿಯಲ್ಲಿ ಎರಡು ಬಗೆಯ ನೀರಿನ ವ್ಯವಸ್ಥೆ ಇತ್ತು. ನಕಾಶೆ ನೋಡಿದಾಗ ಅರ್ಥವಾಗದ್ದು ಸೈಕಲ್ ತುಳಿದಾಗ ಕಾಲಿಗೆ ಅರ್ಥವಾಗುತ್ತದೆ. ಅರಮನೆಯ ಆವರಣ, ಮಹಾನವಮಿ ದಿಬ್ಬ, ರಾಣಿ ಸ್ನಾನಗೃಹ ಇವೆಲ್ಲ ಇರುವುದು ನದಿಯಿಂದ ದೂರ, ಎತ್ತರದಲ್ಲಿ. ನದಿ ತಗ್ಗಿನಲ್ಲಿ, ಬಂಡೆಗಳ ನಡುವೆ. ಅಲ್ಲಿಂದ ಮೇಲಕ್ಕೆ ನೀರು ಹತ್ತಿಸುವುದು ಕಷ್ಟ. ಅದಕ್ಕೆ ಅರಮನೆಯ ಕಡೆಗೆ ಕೆರೆಯ ನೀರು. ಇವತ್ತಿಗೂ ತುಂಬಿರುವ ಕಮಲಾಪುರದ ಕೆರೆ ಆ ಕಾಲದ್ದೇ. ಅಲ್ಲಿಂದ ಕಾಲುವೆಯಲ್ಲಿ, ಮಣ್ಣಿನ ಕೊಳವೆಯಲ್ಲಿ, ಕಲ್ಲಿನ ದೋಣಿಗಳಲ್ಲಿ ನೀರು ಅರಮನೆಗೆ ಹೋಗುತ್ತಿತ್ತು. ಇನ್ನೊಂದು ನದಿಯ ನೀರು. ನದಿಗೆ ಅಡ್ಡಲಾಗಿ ತಗ್ಗು ಒಡ್ಡು ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ಬೆಟ್ಟಗಳ ನಡುವಿನ ಕಣಿವೆಗೆ ಇಳಿಸುವುದು. ಅದು ಗದ್ದೆ ತೋಟಗಳಿಗೆ.

ಮೊದಲನೆಯದರ ಅತಿ ಚಂದದ ಜಾಗ ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು. ಅಂದರೆ ನಾನು ಹುಟ್ಟುವ ಕಾಲಕ್ಕೆ ಅದು ಮಣ್ಣಿನ ಕೆಳಗಿತ್ತು. ಹಂಪಿಯ ಉಳಿದ ಕಟ್ಟಡಗಳೆಲ್ಲ ಹೆಚ್ಚಾಗಿ ಕಣಶಿಲೆ. ಇದು ಮಾತ್ರ ಕರಿಕಲ್ಲು. ಚಿಕ್ಕ ಚಿಕ್ಕ ಮೆಟ್ಟಿಲುಗಳ ಗೋಪುರಗಳನ್ನು ತಲೆಕೆಳಗಾಗಿ ಜೋಡಿಸಿದ ಹಾಗೆ ಐದು ಹಂತ ಕೆಳಗೆ ಇಳಿಯುತ್ತದೆ. ಅದರ ಅಂಚಿಗೆ ಕಂಬಗಳ ಮೇಲೆ ನಿಂತ ಕಲ್ಲಿನ ಮೇಲ್ಗಾಲುವೆ ಬಂದು ಸೇರುತ್ತದೆ. ಎಲ್ಲರೂ ಮೇಲಿನಿಂದ ಪೂರ್ತಿ ಪುಷ್ಕರಣಿಯ ಫೋಟೋ ತೆಗೆಯುತ್ತಾರೆ. ನಾನು ಬೆಳಗಿನ ಓರೆ ಬಿಸಿಲಿಗೆ ಕಾದು ಒಂದೊಂದೇ ಕಲ್ಲು ನೋಡುತ್ತಾ ಕೂತೆ. ಕಲ್ಲುಗಳ ಮೇಲೆ ಗೀರಿದ ಅಕ್ಷರ, ಅಂಕೆ ಇವೆ. ಯಾವ ದಿಕ್ಕಿನ ಕಲ್ಲು, ಎಷ್ಟನೇ ಸಾಲು, ಎಲ್ಲಿ ಕೂರಬೇಕು ಎನ್ನುವ ಗುರುತು. ಬೇರೆಲ್ಲೋ ಕಡೆದು, ಗುರುತು ಹಾಕಿ, ಇಲ್ಲಿಗೆ ತಂದು ಜೋಡಿಸಿದ್ದಾರೆ. ಶಾಸನದ ಅಕ್ಷರಗಳ ಹಾಗೆ ಅಂದವಾಗಿಲ್ಲ. ನಮ್ಮ ಊರಿನ ಬಡಗಿ ಬಾಗಿಲ ಚೌಕಟ್ಟಿನ ತುಂಡುಗಳ ಮೇಲೆ ಪೆನ್ಸಿಲಲ್ಲಿ ಗೀಚಿಕೊಳ್ಳುತ್ತಾನಲ್ಲ, ಹಾಗೆ. ರಾಯರ ಹೆಸರು ಹಂಪಿಯ ತುಂಬ ಇದೆ. ಕಲ್ಲುಕುಟಿಗನ ಕೈ ಇಲ್ಲಿದೆ. ನನಗೆ ಆ ಗೀರನ್ನು ನೋಡಿ ಗಂಟಲು ಕಟ್ಟಿತು. ಯಾಕೆ ಅಂತ ಸರಿಯಾಗಿ ಹೇಳಲು ಬರುವುದಿಲ್ಲ.

ಆದರೆ ಆ ಮೇಲ್ಗಾಲುವೆಯಲ್ಲಿ ಈಗ ನೀರು ಹರಿಯುವುದಿಲ್ಲ. ರಾಣಿ ಸ್ನಾನಗೃಹದ ಸುತ್ತಲ ಕಂದಕವೂ ಒಣಗಿದೆ. ಅಷ್ಟಕೋನದ ಸ್ನಾನದ ಕೊಳವೂ ಅಷ್ಟೇ. ರಸ್ತೆ ಬದಿಯಲ್ಲಿ ಭೋಜನಶಾಲೆ ಎಂದು ಕರೆಯುವ ಜಾಗ ಇದೆ. ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ಊಟದ ತಟ್ಟೆ ಕಡೆದಿದ್ದಾರೆ. ಅನ್ನಕ್ಕೊಂದು ಗುಂಡಿ, ಪಲ್ಯಕ್ಕೊಂದು ಗುಂಡಿ. ಉಂಡವರು ಮುಂದೆ ಹರಿಯುವ ನೀರಲ್ಲೇ ಕೈ ತೊಳೆಯುತ್ತಿದ್ದರೇನೋ ಎಂದು ಅನ್ನಿಸುತ್ತದೆ. ಈಗ ಆ ತಟ್ಟೆಗಳಲ್ಲಿ ಒಣ ಎಲೆ. ರಾಜರಿಗೆಂದು ಹರಿಸಿದ ನೀರು ರಾಜರ ಜೊತೆಗೇ ನಿಂತುಹೋಯಿತು.

ತುರ್ತು ಕಾಲುವೆ

ಬಡವಿಲಿಂಗದ ನೀರು ಎರಡನೇ ಬಗೆಯದು. ನದಿಯದು. ಅದನ್ನು ತರುವ ಕಾಲುವೆಯ ಹೆಸರು ತುರ್ತು ಕಾಲುವೆ. ಹಂಪಿಯ ಮೇಲ್ಭಾಗದಲ್ಲಿ ತುಂಗಭದ್ರೆಗೆ ಹಾಕಿದ ಒಡ್ಡಿನಿಂದ ಹೊರಟು, ಗುಡಿಗಳ ಸಾಲಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಬಳಸಿ ಬಳಸಿ ಹೋಗುತ್ತದೆ. ಇಲ್ಲಿಗೆ ಬಂದವರೆಲ್ಲ ಅದನ್ನು ದಾಟಿರುತ್ತಾರೆ. ಯಾರಾದರೂ ತೋರಿಸದಿದ್ದರೆ ಅದು ಸುಮ್ನೆ ಒಂದು ಕಾಲುವೆ, ಅಷ್ಟೇ.

ವಿಜಯನಗರದವರು ಕಟ್ಟಿದ ಒಡ್ಡುಗಳ ರೀತಿ ಬಹಳ ಸರಳ. ನದಿಯಲ್ಲಿ ಆಗಲೇ ಇರುವ ಬಂಡೆಗಳನ್ನೇ ಕಂಬಗಳ ಹಾಗೆ ಇಟ್ಟುಕೊಂಡು, ಅವುಗಳ ನಡುವಿನ ಸಂದಿಗೆ ದೊಡ್ಡ ದೊಡ್ಡ ಕಲ್ಲು ತುಂಬುವುದು. ಹಾಗಾಗಿ ಒಡ್ಡು ನೇರವಾಗಿರುವುದಿಲ್ಲ, ಬಂಡೆ ಇದ್ದ ಕಡೆ ಹೊರಳುತ್ತದೆ. ಎತ್ತರವೂ ಕಡಿಮೆ. ಮಳೆಗಾಲದಲ್ಲಿ ನದಿ ಉಕ್ಕಿದರೆ ನೀರು ಮೇಲೆ ಹಾರಿಕೊಂಡು ಹೋಗುತ್ತದೆ. ತಡೆಯುವುದಿಲ್ಲ, ಹೋಗಲು ಬಿಡುತ್ತದೆ. ಬೇಸಿಗೆಯ ಕಡೆಗೆ ನದಿ ಇಳಿದಾಗ ಮಾತ್ರ ಇದ್ದಷ್ಟು ನೀರನ್ನು ಪಕ್ಕಕ್ಕೆ ಕಾಲುವೆಗೆ ನೂಕುತ್ತದೆ. ಒಂದೆರಡು ಕಲ್ಲು ಹೋದರೆ ಮುಂದಿನ ವರ್ಷ ಊರಿನವರು ಮತ್ತೆ ಇಟ್ಟುಕೊಳ್ಳಬಹುದು.

ಎರಡನೇ ದಿನ ಬೆಳಿಗ್ಗೆ ಆರೂವರೆಗೆ ಕಾಲುವೆಯ ಏರಿ ಹಿಡಿದು ನಡೆದೆ. ಚಳಿಗೆ ನೀರಿನ ಮೇಲೆ ತೆಳು ಹಬೆ. ಕೆಲವು ಕಡೆ ದಡಕ್ಕೆ ಹಳೇ ಕಲ್ಲು, ಕೆಲವು ಕಡೆ ಸಿಮೆಂಟು, ಕೆಲವು ಕಡೆ ಬರೀ ಮಣ್ಣು ಹುಲ್ಲು. ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸ್ವಲ್ಪ ಮುಂದೆ ಬಾಳೆತೋಟದ ಅಂಚಿನಲ್ಲಿ ಒಬ್ಬ ಹಿರಿಯರು ಪಂಚೆ ಎತ್ತಿ ಕಟ್ಟಿ, ಸನಿಕೆ ಹಿಡಿದು ನಿಂತಿದ್ದರು. ಕಾಲುವೆಯ ಪಕ್ಕದ ಸಣ್ಣ ಕಂಡಿಗೆ ಮಣ್ಣು ತುಂಬಿದ ಎರಡು ಚೀಲ, ಅದರ ಮೇಲೆ ಬಾಳೆದಿಂಡಿನ ಸಿಪ್ಪೆ ಒತ್ತಿ ಮುಚ್ಚಿದ್ದರು. ಅವರು ಮೊದಲು ಸಿಪ್ಪೆ ತೆಗೆದರು. ಆಮೇಲೆ ಒಂದು ಚೀಲ. ನೀರು ಒಂದು ಕ್ಷಣ ಅನುಮಾನ ಪಟ್ಟ ಹಾಗೆ ನಿಂತು, ಆಮೇಲೆ ನುಗ್ಗಿತು. ಒಣಗಿ ಬಿರುಕು ಬಿಟ್ಟ ಮಣ್ಣಿಗೆ ನೀರು ಇಳಿಯುವಾಗ ಒಂದು ಸದ್ದು ಬರುತ್ತದೆ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ, ಆದರೆ ಮೆತ್ತಗೆ. ಬಿರುಕುಗಳಿಂದ ಗುಳ್ಳೆಗಳು ಎದ್ದವು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಬಾಳೆಯ ಬುಡ ಹತ್ತಿದವು. ಎಲ್ಲಿದ್ದವೋ ಏನೋ, ನಾಲ್ಕು ಬೆಳ್ಳಕ್ಕಿ ಬಂದು ನೀರಿನ ಹಿಂದೆ ಹಿಂದೆಯೇ ನಡೆದವು. ಅವರು ಸನಿಕೆಯಲ್ಲಿ ಅಲ್ಲೊಂದು ಇಲ್ಲೊಂದು ಹೆಂಟೆ ಸರಿಸಿ ಪಾತಿಯಿಂದ ಪಾತಿಗೆ ನೀರು ತಿರುಗಿಸುತ್ತಿದ್ದರು. ಒಂದು ಮಾತಿಲ್ಲ. ಮುಗಿಯುವ ತನಕ ನಾನೂ ಮಾತಾಡಿಸಲಿಲ್ಲ.

'ಯಾವ ಕಾಲದ್ದು ಇದು ಕಾಲುವೆ?' ಎಂದು ಕೊನೆಗೆ ಕೇಳಿದೆ. 'ರಾಯರ ಕಾಲದ್ದು ರೀ' ಅಂದರು. ಪಕ್ಕದ ಮನೆಯ ಅಣ್ಣನ ಹೆಸರು ಹೇಳಿದ ಹಾಗೆ ಹೇಳಿದರು. 'ನಮ್ಮಜ್ಜ ಇದರಾಗೇ ನೀರು ಹಾಯಿಸಿದ್ದ. ಅವರಜ್ಜನೂ ಇದರಾಗೇ.' ಆಮೇಲೆ ಒಂದು ಗೊನೆ ಸುಗಂಧಿ ಬಾಳೆಯಿಂದ ಎರಡು ಹಣ್ಣು ಕಿತ್ತು ಕೊಟ್ಟರು. ನಾನು ಏರಿಯ ಮೇಲೆ ಕೂತು ತಿಂದೆ. ಅಲ್ಲಿಂದ ನೋಡಿದರೆ ಬಾಳೆ ಎಲೆಗಳ ಆಚೆ ಯಾವುದೋ ಮುರಿದ ಗೋಪುರದ ತುದಿ ಕಾಣುತ್ತಿತ್ತು. ಅದನ್ನು ಕಟ್ಟಿದವರ ಊರೂ ಈ ಕಾಲುವೆಯ ನೀರಲ್ಲಿ ಬೆಳೆದ ಅನ್ನವನ್ನೇ ಉಂಡಿದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನೀರಿನ ಕೆಲಸ ಎಲ್ಲವೂ ಪುಣ್ಯದ ಕೆಲಸ ಆಗಿರಲಿಲ್ಲ. ರಾಜ ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ನೋಡಿದ್ದಾನೆ. 15-20 ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ, ಕಾಲಿಡಲು ನೆಲ ಕಾಣದಷ್ಟು. ಕೆರೆ ಎರಡು ಮೂರು ಸಲ ಒಡೆಯಿತು. ದೇವರು ಬಲಿ ಕೇಳುತ್ತಿದ್ದಾನೆ ಎಂದು ಪುರೋಹಿತರು ಹೇಳಿದರು. ರಾಜ 60 ಜನರ ತಲೆ ಕಡಿಸಿದ, ಜೊತೆಗೆ ಕುದುರೆ, ಕೋಣಗಳನ್ನೂ. ಹೀಗೆ ಬರೆದಿದ್ದಾನೆ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದು ಎಂದು ಇತಿಹಾಸ ಬಲ್ಲವರು ಗುರುತಿಸುತ್ತಾರೆ. ಆ 60 ಜನ ಯಾರು, ಯಾವ ಊರಿನವರು, ಅವರ ಹೆಂಡತಿ ಮಕ್ಕಳಿಗೆ ಯಾರು ಸುದ್ದಿ ಮುಟ್ಟಿಸಿದರು ಎಂದು ಎಲ್ಲೂ ಇಲ್ಲ. ಕಾಲುವೆಯ ಏರಿಯ ಮೇಲೆ ಕೂತು ಬಾಳೆಹಣ್ಣು ತಿನ್ನುವಾಗ ಅವರೂ ನೆನಪಾದರು.

ನದಿ ದಾಟಿ

ಮೂರನೇ ದಿನ ಆನೆಗೊಂದಿಗೆ ಹೋದೆ. ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದೆ. ನದಿಗೆ ನೀರು ಜಾಸ್ತಿ ಬಿಟ್ಟ ದಿನ ಹರಿಗೋಲು ನಿಲ್ಲಿಸುತ್ತಾರೆ. ಅವತ್ತು ನದಿ ಶಾಂತವಾಗಿತ್ತು. ಪಾಯೆಸ್ ಇದನ್ನೂ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, 15-20 ಜನ ಕೂರಬಹುದು, ಹುಟ್ಟು ಹಾಕಿದರೆ ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. 500 ವರ್ಷದಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ಸುತ್ತುವುದು ನಿಂತಿಲ್ಲ. ನದಿಯ ನಡುವೆ ಹರಿಗೋಲು ಮೆಲ್ಲಗೆ ತಿರುಗುವಾಗ ವಿಠ್ಠಲನ ಗುಡಿಯ ಕಡೆ, ಆನೆಗೊಂದಿಯ ಕಡೆ, ಅಂಜನಾದ್ರಿ, ಮತ್ತೆ ವಿಠ್ಠಲನ ಗುಡಿ, ಒಂದಾದ ಮೇಲೆ ಒಂದು ಕಣ್ಣಮುಂದೆ ಬಂದವು. ಹಂಪಿಯನ್ನು ಹೀಗೆ ಒಟ್ಟಾಗಿ ತೋರಿಸುವ ಜಾಗ ಇನ್ನೊಂದಿಲ್ಲ.

ಇಲ್ಲಿ ಸೇತುವೆ ಕಟ್ಟುವುದು ಯಾವ ಕಾಲಕ್ಕೂ ಸುಲಭ ಇರಲಿಲ್ಲ. ಪುರಂದರದಾಸರ ಮಂಟಪದ ಹತ್ತಿರ ಹಳೇ ಸೇತುವೆಯ ಕಲ್ಲುಕಂಬಗಳು ಮಾತ್ರ ನದಿಯಲ್ಲಿ ಸಾಲಾಗಿ ನಿಂತಿವೆ. ನಮ್ಮ ಕಾಲದಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಶುರು ಮಾಡಿದರು. ಅದರಿಂದಾಗಿ 1999ರಲ್ಲಿ ಹಂಪಿಯ ಹೆಸರು ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿತು, 2006ರ ತನಕ ಅಲ್ಲೇ ಇತ್ತು. 2009ರ ಜನವರಿಯಲ್ಲಿ, ಇನ್ನೂ ಕೆಲಸ ನಡೆಯುತ್ತಿರುವಾಗಲೇ ಸೇತುವೆ ಕುಸಿದು ಕೂಲಿಕಾರರು ಸತ್ತರು. ಈಗ ಬುಕ್ಕಸಾಗರ–ಕಡೆಬಾಗಿಲು ಕಡೆ ಹೊಸ ಸೇತುವೆ ಇದೆ. ಆನೆಗೊಂದಿಯವರಿಗೆ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ದಾರಿ ಬೇಕಿತ್ತು. ಅದನ್ನು ಯಾರೂ ಅಲ್ಲಗಳೆಯಬಾರದು. ಹರಿಗೋಲಿನವನು ಆ ಮುರಿದ ಸೇತುವೆಯ ಸುದ್ದಿ ಎತ್ತಿದಾಗ ದನಿ ತಗ್ಗಿಸಿದ.

ಆ ವರ್ಷ ಅಲ್ಲಿ ಎಲ್ಲರ ಬಾಯಲ್ಲೂ ಇನ್ನೊಂದು ಮಾತಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತಲ್ಲ, ಆ ವಿಷಯ. 33 ಗೇಟುಗಳಲ್ಲಿ ಒಂದು. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು. ತುಂಬಿದ ಕೆರೆ ಕಣ್ಣಮುಂದೆಯೇ ಖಾಲಿಯಾಗುತ್ತಿದೆ ಎಂದು ರೈತರು ದಡದಲ್ಲಿ ನಿಂತು ಅತ್ತಿದ್ದನ್ನು ಹರಿಗೋಲಿನವನೇ ಹೇಳಿದ. ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆ ಕೈಹಿಡಿದು ಮತ್ತೆ ಅಣೆಕಟ್ಟು ತುಂಬಿತು. ತುಂಗಭದ್ರೆಯನ್ನು ನಂಬಿದ ಊರುಗಳು ಎಷ್ಟು ಎಂದು ಯೋಚಿಸಿದರೆ ಅಣೆಕಟ್ಟು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ತುರ್ತು ಕಾಲುವೆಗೂ ಈಗ ಮೇಲಿನಿಂದ ನದಿಗೆ ಬಿಟ್ಟ ನೀರೇ ಗತಿ. ಆದರೂ ಆ ರಾತ್ರಿಯ ಕಥೆ ಕೇಳುವಾಗ ಹಿಂದಿನ ದಿನ ನೋಡಿದ ಮಣ್ಣಿನ ಚೀಲ, ಬಾಳೆದಿಂಡಿನ ಸಿಪ್ಪೆ ಕಣ್ಣಮುಂದೆ ಬಂತು. ಒಬ್ಬ ಮನುಷ್ಯ ಕೈಯಲ್ಲೇ ತೆಗೆದು, ಕೈಯಲ್ಲೇ ಮುಚ್ಚುವ ಬಾಗಿಲು ಅದು.

ಹಾಳು ಹಂಪಿ ಎನ್ನುವ ಮಾತು

ನಮ್ಮಲ್ಲಿ 'ಹಾಳು ಹಂಪಿ' ಎನ್ನುವ ಮಾತು ನಾಲಿಗೆಗೆ ಹತ್ತಿಬಿಟ್ಟಿದೆ. ಮನೆ ಗಲೀಜಾಗಿದ್ದರೆ 'ಹಾಳು ಹಂಪಿ ಆಗಿದೆ' ಎಂದು ನನ್ನ ಅಜ್ಜಿಯೂ ಅನ್ನುತ್ತಿದ್ದಳು. 1565ರಲ್ಲಿ ಸುಟ್ಟರು, ಕೆಡವಿದರು, ಊರು ಬಿಟ್ಟು ಜನ ಓಡಿದರು, ಎಲ್ಲವೂ ನಿಜ. ನರಸಿಂಹನ ಮುರಿದ ಕೈಗಳನ್ನು ನೋಡಿದರೆ ಅದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಎಲ್ಲರೂ ಓಡಲಿಲ್ಲ, ಅಲ್ವಾ? ಗದ್ದೆ ಇದ್ದವರು ಎಲ್ಲಿಗೆ ಹೋಗುತ್ತಾರೆ? ಯಾರೋ ಮರುವರ್ಷ ಕಾಲುವೆಯ ಹೂಳು ಎತ್ತಿದ್ದಾರೆ. ಯಾರೋ ಒಡ್ಡಿನ ಜಾರಿದ ಕಲ್ಲನ್ನು ಮತ್ತೆ ಸಂದಿಗೆ ನೂಕಿದ್ದಾರೆ. ಒಂದು ಹತ್ತು ವರ್ಷ ಯಾರೂ ಆ ಕೆಲಸ ಮಾಡದಿದ್ದರೆ ಸಾಕಿತ್ತು, ಹೂಳು ತುಂಬಿ ಕಾಲುವೆ ಮುಚ್ಚಿಹೋಗುತ್ತಿತ್ತು. ಬಡವಿಲಿಂಗದ ಬುಡದಲ್ಲಿ ಎಲೆ ತೇಲುತ್ತಿರಲಿಲ್ಲ. ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಗುಡಿಯ ಅಡುಗೆಮನೆಗೂ ನದಿಯ ನೀರು ಸಣ್ಣ ಕಾಲುವೆಯಲ್ಲೇ ಬರುತ್ತಿತ್ತು. ದೇವರ ನೈವೇದ್ಯಕ್ಕೂ ಮೊದಲು ನೀರು ಬೇಕು.

ಕೊನೆಯ ಸಂಜೆ ವಿರೂಪಾಕ್ಷನ ಮುಂದಿನ ಬೀದಿಗೆ ಬಂದೆ. 2011ರ ಜುಲೈನಲ್ಲಿ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನೆಲ್ಲ ತೆರವು ಮಾಡಿದ ಮೇಲೆ ಬೀದಿ ಖಾಲಿಯಾಗಿದೆ. ಕಂಬಗಳು ಈಗ ಚೆನ್ನಾಗಿ ಕಾಣುತ್ತವೆ, ಅದು ಹೌದು. ಕಲ್ಲಿಗೆ ಮೊಳೆ ಹೊಡೆಯುವುದು, ಗೋಡೆ ಕಟ್ಟುವುದು ತಪ್ಪೇ. ಆದರೆ ಮಿರ್ಚಿ ಕರಿಯುತ್ತಿದ್ದ ಅಜ್ಜಿಯ ಮಂಟಪ ಯಾವುದು ಎಂದು ಹುಡುಕಿದೆ. ಗೊತ್ತಾಗಲಿಲ್ಲ. ಅಷ್ಟು ವರ್ಷ ಆ ಬೀದಿಯನ್ನು ಬೀದಿಯಾಗಿ ಉಳಿಸಿದವರು ಅವರು. ಅವರನ್ನು ಕಳಿಸಿದ ರೀತಿ ನೆನೆದರೆ ಈಗಲೂ ಬೇಸರವಾಗುತ್ತದೆ. ಸ್ಮಾರಕ ಉಳಿಸಲು ಬೇರೆ ದಾರಿ ಹುಡುಕಬಹುದಿತ್ತು ಎಂದೇ ನಾನು ನಂಬಿದ್ದೇನೆ. ಕಣಿವೆಯ ರೈತರ ಬಗ್ಗೆಯಾದರೂ ಇನ್ನು ಮುಂದೆ ಎಚ್ಚರದಿಂದ ನಡೆದುಕೊಳ್ಳಬೇಕು. ಕಾಲುವೆ ಸ್ಮಾರಕ ಹೌದಾದರೆ, ಸನಿಕೆ ಹಿಡಿದ ಆ ಹಿರಿಯರೂ ಅದರ ಭಾಗವೇ.

ಕತ್ತಲಾಗುತ್ತಿರುವಾಗ ಬಡವಿಲಿಂಗಕ್ಕೆ ಹೋದೆ. ಯಾರೂ ಇರಲಿಲ್ಲ. ಬಾಗಿಲ ಕಂಬಿಗೆ ಮುಖ ಒತ್ತಿ ಕಿವಿಗೊಟ್ಟೆ. ಹಗಲಿನ ಗಲಾಟೆಯಲ್ಲಿ ಕೇಳದ ಸಣ್ಣ ಸದ್ದು, ಕಲ್ಲಿನ ಸಂದಿಯಲ್ಲಿ ನೀರು ಜಾರುವುದು, ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ನದಿಯ ಒಡ್ಡು, ತುರ್ತು ಕಾಲುವೆ, ಕಣಿವೆ, ಬಾಳೆತೋಟ, ರಾಯರ ಕಾಲದಿಂದ ನಿಲ್ಲದೆ ಹರಿಯುತ್ತಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಹೂಂ ಹೂಂ ಎಂದು ಕೇಳಿದಳು. 'ಹಾಗಾದ್ರೆ ನಮ್ಮ ಭದ್ರೆ ನೀರೂ ಅದ್ರಲ್ಲಿ ಇದ್ದೇ ಇದೆ' ಅಂದಳು. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವುದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

'ಕೊನೇ ಗದ್ದೆಗೂ ನೀರು ಮುಟ್ಟುತ್ತಂತಾ? ಅವರನ್ನ ಕೇಳಿದ್ಯಾ?'

ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಒಂಬತ್ತಕ್ಕೆ ಇತ್ತು. ಆರು ಗಂಟೆಗೇ ಸೈಕಲ್ ತೆಗೆದುಕೊಂಡು ಕಾಲುವೆಯ ಕೆಳಗಿನ ಕಡೆ ಹೊರಟೆ.